ಮೂಲೆಯ ಜೋಳ

ಎಲ್ಲ ರಂಪಕ್ಕೂ ಕಾರಣ ಹೊಲದ ಮೂಲೆ. ಚಿಂತಾಕಿ ಊರಿನ ಧೊಂಡಿಬಾ ತನ್ನ ಅವ್ವನ ಕಾಲದ ಜೋಳವನ್ನು ಅಲ್ಲಿ ಬಿತ್ತಿದ್ದೇ ತಪ್ಪಾಯಿತು.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ನಿನ ಗದ್ದಲದಲ್ಲಿ ಊರಿನ ಕಾಳು ತುಂಬಿದ ಹಗೇವುಗಳೆಲ್ಲ ಬರಿದಾಗಿ, ಆ ತಳಿಯಲ್ಲಿ ಉಳಿದದ್ದು ಹೆಂಡತಿ ಸತ್ಯಮ್ಮ ಬೂದಿಯಲ್ಲಿ ಹುಗಿದಿಟ್ಟ ಬೊಗಸೆ ಕಾಳು ಮಾತ್ರ. ಹೈದರಾಬಾದಿನ ಕಾಲೇಜಿನವರು ಊರ ಪಂಚರೊಡನೆ ಕೂಡಿ ಅದನ್ನು ಬೆಳೆಸಿ, ಸುತ್ತಲಿನ ಸಣ್ಣ ರೈತರಿಗೆಲ್ಲ ಹಂಚುವ ಮಾತಾಗಿತ್ತು. ಇವತ್ತು ಕಾಲೇಜಿನ ಸಾಹೇಬರು ಬಂದು ತೆನೆಗಳಿಗೆ ದಾರ ಕಟ್ಟಿ ಬೀಜಕ್ಕೆ ಮೀಸಲಿಡುವವರಿದ್ದರು. ನಡು ಹೊಲದ್ದು ಮಾಮೂಲಿ ಜೋಳ, ಮೂಲೆಯದೇ ಬೀಜದ್ದು ಎಂದು ಧೊಂಡಿಬಾ ದೃಷ್ಟಿ ತಾಗೀತೆಂಬ ಭಯಕ್ಕೆ ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

ಬೆಳಗಿನಿಂದಲೇ ಅವನ ಮೂಗಿನ ಮೇಲೆ ಸಿಟ್ಟು. ಗುಬ್ಬಿಗಳಿಗೆ ಕವಣೆ ಬೀಸಿದ. ಎಳೆ ತೆನೆ ಸುಟ್ಟು ಸೀತನಿ ತಿನ್ನುವ ಆಸೆಯಿಂದ ಬಂದ ಅತ್ತೆ ಪುತಳಾಬಾಯಿಯನ್ನೂ ಬೈದು ಅಟ್ಟಿದ.

"ನಾಕು ತೆನಿ ಕೇಳಿದ್ರ ನಾಯಿ ಅಟ್ಟಿದಂಗ ಅಟ್ತೀರಲ್ಲರಿ," ಎಂದು ಅತ್ತೆ ಸೆರಗು ಕೊಡವಿ ಹೋದಳು.

ಆಮೇಲೆ ಬಾಜು ಹೊಲದ ವೈಜಿನಾಥ ಬಂದ. ಊರ ಉಸಾಬರಿಯೆಲ್ಲ ತನ್ನದೇ ಎಂದುಕೊಂಡ ಮನುಷ್ಯ.

"ಸಾಹೇಬ್ರು ಔರಾದದಾಗ ಬಸ್ ಇಳೀತಾರಂತ. ನೀ ಬಂಡಿ ಹೂಡ್ಕೊಂಡು ಹೋಗು. ಇಲ್ಲಿ ನಾ ನೋಡ್ಕೋತೇನಿ."

ಧೊಂಡಿಬಾ ಹೋಗಿ ಔರಾದಿನ ಬಿಸಿಲಲ್ಲಿ ಒಣಗಿದ. ಬಸ್ಸು ಬಂತು, ಸಾಹೇಬರು ಬರಲಿಲ್ಲ.

"ಅವ್ರು ಭಾಲ್ಕಿ ಕಡಿಂದ ಜೀಪಿನ್ಯಾಗ ನಿಮ್ಮೂರಿಗೇ ಹೋದ್ರಲ್ಲರಿ," ಎಂದ ಚಹಾದಂಗಡಿಯ ಚಾಂದ ಪಾಶಾ.

ವೈಜಿನಾಥನ ಏಳು ತಲೆಮಾರನ್ನು ಬೈಯುತ್ತ ಧೊಂಡಿಬಾ ಹಸಿದ ಹೊಟ್ಟೆಯಲ್ಲೇ ಎತ್ತು ಹೊಡೆದುಕೊಂಡು ಮರಳಿದ.

ವೈಜಿನಾಥನ ಹೊಲದಲ್ಲಿ ಸಗಣಿ ಕುಳ್ಳಿನ ಬೆಂಕಿ ಹೊಗೆಯಾಡುತ್ತಿತ್ತು. ಸುತ್ತ ಕಾಲೇಜಿನ ಮುಜೀಬೋದ್ದೀನ ಸಾಹೇಬರು, ಪಂಚರು, ಬೆಲ್ಲ ಕಡಿಯುತ್ತ ಕೂತ ಅತ್ತೆ. ಎಲ್ಲರ ದವಡೆಯೂ ಆಡುತ್ತಿತ್ತು.

"ಬಾರೋ, ಎಲ್ಲಾ ತಿಂದು ಮುಗೀತು, ಕಡೀ ಮುಟಿಗಿ ಕಾಳು ನಿನ್ನ ಸಲುವಾಗೇ ಇಟ್ಟೀನಿ," ಎಂದು ವೈಜಿನಾಥ ಅವನ ಅಂಗೈಗೆ ಬಿಸಿ ಸೀತನಿ ಸುರಿದ.

ಹಸಿವು ಯಾರಪ್ಪನ ಮಾತು ಕೇಳುತ್ತದೆ? ಧೊಂಡಿಬಾ ಬಾಯಿಗೆ ಸುರಿದುಕೊಂಡು ಅಗಿದು ನುಂಗಿದ. ನುಂಗಿದ ಮೇಲೆ ನಾಲಿಗೆ ಗುರುತು ಹಿಡಿಯಿತು. ಈ ಸಿಹಿ ಅವ್ವನ ಜೋಳದ್ದೇ.

"ಎಲ್ಲೀದೋ ಇದು?"

"ನಿನ್ನ ಹೊಲದ ಮೂಲ್ಯಾಗಿಂದು," ಎಂದ ವೈಜಿನಾಥ. "ಮೂಲ್ಯಾಗ ಬಿತ್ತೋದು ಸೀತನಿ ಸಲುವಾಗೇ ಅಲ್ಲೇನು? ಹಿಂದಿನಿಂದ ಹಂಗೇ ನಡ್ಕೊಂಡು ಬಂದದ. ನಡು ಹೊಲದ ಬೀಜದ ಜ್ವಾಳಕ್ಕ ಯಾರ ಕೈನೂ ಹಚ್ಚಗೊಟ್ಟಿಲ್ಲ ನೋಡು."

ಧೊಂಡಿಬಾನ ಕೈ ಬಾರುಕೋಲಿನ ಮೇಲೆ ಬಿಗಿಯಾಯಿತು. ಅಷ್ಟರಲ್ಲಿ ಸಾಹೇಬರು ಮೀಸೆ ಒರೆಸಿಕೊಂಡು, ಜೇಬಿನಿಂದ ದಾರದ ಉಂಡೆ ತೆಗೆದು ಎದ್ದರು.

"ಭಾಳ ಮಜಾ ಆಯ್ತ್ರಿ. ಚಲೋ, ಈಗ ಆ ಬೀಜದ ಜ್ವಾಳ ತೋರಸ್ರಿ."

"ದಾರ ನಿಮ್ಮ ಹೊಟ್ಟಿಗೇ ಕಟ್ಕೋರಿ ಸಾಹೇಬ್ರ," ಎಂದ ಧೊಂಡಿಬಾ ಹಲ್ಲು ಕಚ್ಚಿ. "ಉಳದದ್ದು ನನ್ನ ಹೊಟ್ಟಿಗಿ ಕಟ್ರಿ."