ಶರ್ವರಿಯ ಪರೀಕ್ಷೆಗೆ ಅಜ್ಞಾನಿಯ ಆಯ್ಕೆ

ಈ ಪ್ರಕರಣವು 2024ರ ಅಕ್ಟೋಬರ್ 14, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ಪುಣೆಯ ಕಾಲೇಜೊಂದರ ದಿವ್ಯಾಂಗ ವಿದ್ಯಾರ್ಥಿ ನೆರವು ಕೋಶದಲ್ಲಿ ಆರಂಭವಾಯಿತು. ಕೋಶವು ಮೂರನೆಯ ಮಹಡಿಯಲ್ಲಿದೆ. ಲಿಫ್ಟ್ ಎರಡನೆಯದರವರೆಗೆ ಹೋಗುತ್ತದೆ.

ಕೋಥರೂಡ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಶರ್ವರಿ ಇತಿಹಾಸದ ಬಿ.ಎ. ಕೊನೆಯ ವರ್ಷದಲ್ಲಿದ್ದಾಳೆ. ಆಕೆಗೆ ಕಣ್ಣು ಕಾಣುವುದಿಲ್ಲ. ಗುರುವಾರದ ಪರೀಕ್ಷೆಯಲ್ಲಿ ಆಕೆ ಹೇಳಿದ್ದನ್ನು ಬರೆಯಲು ಒಬ್ಬ ರೈಟರ್ ಬೇಕಿತ್ತು. ಸಿಗದಿದ್ದರೆ ಒಂದು ವರ್ಷ ಹೋಗುತ್ತಿತ್ತು. ಕೋಶದ ಪ್ರಕಟಣೆಯು ಇದನ್ನೂ ಸೌಲಭ್ಯಗಳಲ್ಲಿ ಸೇರಿಸಿತ್ತು: “ರೈಟರ್ ದೊರೆಯದವರು ಅದೇ ವರ್ಷವನ್ನು ಮತ್ತೊಮ್ಮೆ ಓದುವ ವಿಶೇಷ ಅವಕಾಶಕ್ಕೆ ಪಾತ್ರರು.”

ನಾನೇ ಬರೆಯುತ್ತೇನೆಂದೆ. ಕೋಶದ ಸಂಯೋಜಕರಾದ, ಬೆಳಗಾವಿ ಕಡೆಯ ಕೇದಾರರು ನೊಂದುಕೊಂಡರು.

“ನೀವು ಇತಿಹಾಸ ಕಲಿಸಿ ನಿವೃತ್ತರಾದವರ್ರಿ, ಮೇಡಂ. ರೈಟರ್‌ಗೆ ವಿಷಯ ಗೊತ್ತಿರಬಾರದು.”

ಆದರೆ ಅಜ್ಞಾನವನ್ನು ಅಳೆಯಲು ತಜ್ಞರು ಬೇಕಾಗುವುದರಿಂದ ನನ್ನನ್ನು ಅಲ್ಲಿಯೇ ಅಜ್ಞಾನ ಪರಿಶೀಲನಾ ಸಮಿತಿಯ ಅಧ್ಯಕ್ಷೆಯನ್ನಾಗಿ ನೇಮಿಸಲಾಯಿತು. ಪ್ರಶ್ನೆ ಕೋಶದ್ದೇ: ಮೂರನೆಯ ಪಾಣಿಪತ್ ಯುದ್ಧ ಎಲ್ಲಿ ನಡೆಯಿತು? ಸರಿಯುತ್ತರ ನೀಡಿದವರು ಅನರ್ಹರು.

ವಾಣಿಜ್ಯ ವಿಭಾಗದ ವಿಕಾಸ “ಪಾಣಿಪತ್” ಎಂದು ಹೇಳಿ ಅನರ್ಹನಾದ. ಅವನ ಹಿಂದೆ ಸಾಲಿನಲ್ಲಿದ್ದವರೆಲ್ಲ ಅದನ್ನೇ ಹೇಳಿದರು. ಮಂಗಳವಾರ ಕ್ಯಾಂಟೀನಿನ ಸುಬ್ಬಯ್ಯನವರು, ಉಡುಪಿ ಕಡೆಯವರು, ತಮಗೆ ಏನೇನೂ ಗೊತ್ತಿಲ್ಲವೆಂದು ಭರವಸೆಯಿತ್ತು ಕುಳಿತರು.

“ಪಾಣಿಪತ್ತಿನ ಯುದ್ಧ ಪಾಣಿಪತ್ತಲ್ಲದೆ ನನ್ನ ಕ್ಯಾಂಟೀನಲ್ಲಿ ಆಗ್ತದಾ ಮಾರಾಯ್ರೆ?”

ಸಮಿತಿಯು ವಿಷಾದಪೂರ್ವಕವಾಗಿ ಅವರನ್ನೂ ಕಳುಹಿಸಿಕೊಟ್ಟಿತು.

ಬುಧವಾರವೂ ಯಾರೂ ಅನುತ್ತೀರ್ಣರಾಗಲಿಲ್ಲ. ಮಧ್ಯಾಹ್ನ, ನನ್ನನ್ನು ಚಿಕ್ಕಮ್ಮನೆಂಬಂತೆ ‘ಕಾಕು’ ಎನ್ನುವ ಶರ್ವರಿ ಬಾಗಿಲಿಗೆ ಒರಗಿ, ನಗು ತಡೆದುಕೊಂಡು, “ಕಾಕು, ಸರ್‌ಗೂ ಒಮ್ಮೆ ಕೇಳಿ ನೋಡ್ರಿ,” ಎಂದಳು.

ಕೇಳಿದೆ. ಕೇದಾರರು ದನಿ ತಗ್ಗಿಸಿದರು.

“ಅಧಿಕೃತವಾಗಿ ನನಗ ಹೇಳಲಿಕ್ಕೆ ಬರೂದಿಲ್ರಿ. ಮ್ಯಾಲಿನವರನ್ನ ಕೇಳಬೇಕಾಗ್ತದ.”

ಪುಣೆಯಲ್ಲಿ ಹರಿಯುವ ನದಿ ಯಾವುದೆಂದೆ. ಮೇಲಿನವರನ್ನು ಕೇಳಬೇಕಾಗುತ್ತದೆಂದರು. ಇಂದು ಯಾವ ವಾರವೆಂದೆ. ಆ ಕುರಿತು ಸುತ್ತೋಲೆ ಬಂದಿಲ್ಲವೆಂದರು.

ಸಮಿತಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇಂಥ ಅರ್ಹತೆ ಕಾಲೇಜಿನೊಳಗೇ ಇದ್ದುದಕ್ಕೆ, ಸುದ್ದಿ ಕೇಳಿ ಬಂದ ಪ್ರಾಂಶುಪಾಲರು ಹೆಮ್ಮೆಪಟ್ಟರು. ಕೇದಾರರು ವಿನಯದಿಂದ ತಲೆಬಾಗಿದರು.

“ಸರ್, ನಿಮ್ಮ ಅಕ್ಷರ ಹ್ಯಾಂಗ ಅದಾವ್ರಿ?” ಎಂದು ಶರ್ವರಿ ಕೇಳಿದಳು.

“ಸಹಿ ಭಾಳ ಛಲೋ ಮಾಡ್ತೀನವ್ವಾ.”

ಆಕೆಗೆ ಅದು ಸಾಕೆನಿಸಿತು. ಗುರುವಾರ ಶರ್ವರಿ ಹೇಳಿದ್ದನ್ನು ಬರೆಯಲು ಕೇದಾರರನ್ನೇ ಕೂರಿಸುವುದೆಂದು ನಾನು ನಿರ್ಧರಿಸಿದೆ.