ಕಾಣದ ಬಾಗಿಲು ಕಾದ ಮಾವ

ನಮ್ಮ ಸೋದರಮಾವನ ಬಗ್ಗೆ ಯಾರೂ ನಂಬದ ಮಾತೊಂದನ್ನು ಮೊದಲೇ ಹೇಳಿಬಿಡುತ್ತೇನೆ: ಅವನಿಗೆ ಜಿರಲೆ ಕಂಡರೆ ಗೌರವ! ನಾವೆಲ್ಲ ಚಪ್ಪಲಿ ಹುಡುಕುವ ಹೊತ್ತಿಗೆ ಅವನು ಕನ್ನಡಕ ಹುಡುಕುತ್ತಿದ್ದ.

ಐವತ್ತರ ದಶಕದ ಮಾತು. ಗಜೇಂದ್ರಗಡದಲ್ಲಿ ನಮ್ಮ ಅಜ್ಜಿಯದು ಸೀರೆ ನೇಯುವ ಮನೆ. ಅಲ್ಲಿ ಹುಟ್ಟಿ ಮುಂಬಯಿಯಲ್ಲಿ ವಿಜ್ಞಾನ ಕಲಿತ ಮಾವನಿಗೆ ಹತ್ತಿಯ ಹುಳಕ್ಕೆ ಔಷಧಿ ಹುಡುಕುವ ಮರ್ಯಾದೆಯ ಕೆಲಸ ಸಿಕ್ಕಿತ್ತು. ನರಗುಂದದ ಹತ್ತಿ ವ್ಯಾಪಾರಿಗಳೂ ಅವನಿಗೆ ನಮಸ್ಕಾರ ಹೇಳುತ್ತಿದ್ದರು. ಇದ್ದಕ್ಕಿದ್ದಂತೆ ಅದನ್ನು ಬಿಟ್ಟು ಜಿರಲೆಯ ನರದ ಹಿಂದೆ ಬಿದ್ದ. ಯಾಕೆ? ಕೇಳಿದರೆ ಮಾಳಿಗೆಯ ಜಂತಿ ನೋಡುತ್ತ ನಗುತ್ತಿದ್ದ. ಅದೇ ವರ್ಷ ಅಜ್ಜಿಯ ಬಲಗೈ ಬೆರಳುಗಳಿಗೆ ಜೋಮು ಹಿಡಿದಿತ್ತು. ಎಳೆ ತಾಕಿದ್ದೇ ತಿಳಿಯದ ಬೆರಳಿನಿಂದ ನೇಯುವುದು ಹೇಗೆ? ಮಗ್ಗ ಇಂದು ನಿಂತೀತು, ನಾಳೆ ನಿಂತೀತು ಎಂದು ಮನೆಯವರಿಗೆಲ್ಲ ಅದೇ ಚಿಂತೆ. ಇವನಿಗೆ ಮಾತ್ರ ಜಿರಲೆ!

ರಜೆಗೆ ಬರುವಾಗ ಅವನ ತೊಡೆಯ ಮೇಲೆ ತೂತು ಕೊರೆದ ಡಬ್ಬಿ ಇದ್ದೇ ಇರುತ್ತಿತ್ತು. ಒಮ್ಮೆ ರೋಣದಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರ್ ಕೇಳಿದನಂತೆ:

“ಡಬ್ಬಿಯಾಗ ಏನೈತ್ರಿ?”

“ಜಿರಲಿ ಅದಾವ್ರಿ.”

“ಅಲ್ರೀ ಸಾಹೇಬ್ರ, ನಮ್ಮ ಬಸ್ಸಿನ್ಯಾಗ ಏನ್ ಕಡಿಮಿ ಅದಾವಂತ ಹೊತ್ಕೊಂಡ್ ಬಂದ್ರಿ?”

ಮನೆಯಲ್ಲಿ ಅಜ್ಜಿಯ ಮುಂದೆ ಕುಳಿತು ತನ್ನ ಸಂಶೋಧನೆ ವಿವರಿಸುತ್ತಿದ್ದ. “ನರ ಅಂದ್ರ ಟೊಳ್ಳ ದಾರ ಇದ್ದಂಗವ್ವಾ. ಅದರ ಗ್ವಾಡಿಯಾಗ ಸಣ್ಣ ಸಣ್ಣ ಬಾಗಲಾ ಇರಬೇಕು. ಬಾಗಲಾ ತೆರದು ಉಪ್ಪಿನ ಕಣ ಒಳಗ ನುಗ್ಗಿದ್ರ ಸುದ್ದಿ ಮುಂದ ಓಡ್ತೈತಿ.”

“ಆ ಬಾಗಲಾ ನೀ ಕಂಡೀಯೇನು?”

“ಯಾರೂ ಕಂಡಿಲ್ಲ.”

“ಯಾರೂ ಕಾಣದ ಬಾಗಲಾ ಕಾಯಾಕ ಪಗಾರ ಕೊಡ್ತಾರೇನೋ?”

ಅವನು ಆ ಬಾಗಿಲ ಧ್ಯಾನದಲ್ಲೇ ತೇಲುತ್ತಿದ್ದ. ರೊಟ್ಟಿ ತಟ್ಟೆಯಲ್ಲೇ ಆರಿಹೋಗುತ್ತಿತ್ತು. ಮಗ್ಗದ ಲಾಳಿ ಆಚೆ ಈಚೆ ಓಡುವುದನ್ನು ಅರೆಗಣ್ಣಲ್ಲಿ ನೋಡುತ್ತ, “ಹೋತು... ಬಂತು... ಹೋತು...” ಎಂದು ಗುನುಗುತ್ತಿದ್ದ. ಹೆಣ್ಣು ಕೊಡಲು ಮುಶಿಗೇರಿಯಿಂದ ಬಂದಿದ್ದ ಯಜಮಾನರು ಈ ಜಪ ಕೇಳಿ ಚಹಾ ಅರ್ಧಕ್ಕೇ ಬಿಟ್ಟು ಎದ್ದರು!

ಒಂದು ಮಧ್ಯಾಹ್ನ ಮಗ್ಗದ ಪಕ್ಕದಲ್ಲೇ ಬಟ್ಟಲಿಗೆ ಉಪ್ಪುನೀರು ಹಾಕಿ, ಜಿರಲೆಯ ನರ ಬಿಡಿಸಿಟ್ಟಿದ್ದ. ಬೆಳಗಿನಿಂದ ಉಸಿರು ಬಿಗಿಹಿಡಿದು ಮಾಡಿದ ಕೆಲಸ. ನರವನ್ನು ನಡುವೆ ಕತ್ತರಿಸಿ, ಎರಡು ತುದಿ ಬೇರೆ ಮಾಡಿ, ಕೈ ತೊಳೆಯಲು ಹಿತ್ತಲಿಗೆ ಹೋದ. ಬಂದು ಭೂತಗನ್ನಡಿ ಹಿಡಿದು ನೋಡಿದರೆ ಎರಡೂ ತುದಿ ಕೂಡಿಬಿಟ್ಟಿವೆ! ಮೇಲೆ ಬೂದಿ ಬೇರೆ!

ನೇಕಾರರ ಮನೆಯಲ್ಲಿ ಎಳೆ ಹರಿದರೆ ಬೆರಳಿಗೆ ಬೂದಿ ಹಚ್ಚಿಕೊಂಡು ಎರಡು ತುದಿ ಹೊಸೆದು ಸೇರಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಹರಿದ ಎಳೆ ಕಂಡೂ ಹಾಗೇ ಬಿಟ್ಟರೆ ಅಜ್ಜಿಗೆ ಅನ್ನ ಇಳಿಯುತ್ತಿರಲಿಲ್ಲ.

“ಅವ್ವಾ, ಏನ್ ಮಾಡಿದಿ!”

“ಹರದಿತ್ತು, ಕೆಚ್ಚೀನಿ.”

“ನಾನ ಕತ್ತರಿಸಿದ್ನವ್ವಾ ಅದನ್ನ!”

“ಕತ್ತರಸಾಕ ಮುಂಬೈಕ ಹೋಗಿ ಕಲೀಬೇಕೇನು? ಇಲಿ ಸೈತ ಕತ್ತರಸ್ತೈತಿ!”

ನೂಲು ಸುತ್ತುತ್ತ ಕುಳಿತಿದ್ದ ನಾನು ಬಿದ್ದು ಬಿದ್ದು ನಕ್ಕೆ. ಮಾವ ನಗಲಿಲ್ಲ. ಮತ್ತೊಮ್ಮೆ ಭೂತಗನ್ನಡಿಯಲ್ಲಿ ಇಣುಕಿ, “ಯಾವ ಕೈಲೆ ಕೆಚ್ಚಿದಿ?” ಎಂದ.

“ಎಡಗೈಲೆ. ಬಲಗೈಗೆ ಏನೂ ತಿಳೀವಲ್ದೋ ತಮ್ಮಾ. ಮೊನ್ನಿ ರೊಟ್ಟಿ ಹಂಚಿಗೆ ತಾಗಿ ಸುಟ್ರೂ ತಿಳೀಲಿಲ್ಲ.”

ಮಾವ ಆ ಬಲಗೈಯನ್ನು ತನ್ನ ಎರಡೂ ಅಂಗೈಗಳಲ್ಲಿ ಹಿಡಿದುಕೊಂಡು ಕುಳಿತ. “ನಿನ್ನ ಬೆರಳಿನ ಸುದ್ದಿ ಎಲ್ಲಿ ನಿಂತೈತಿ ಅಂತನ ಹುಡುಕಾಕ್ಹತ್ತೀನವ್ವಾ, ಎರಡು ವರ್ಷಾತು. ಆ ಬಾಗಲಾ ಸಿಗವಲ್ದು,” ಎಂದವನೇ ಅತ್ತುಬಿಟ್ಟ.

ಅವನನ್ನು ಹುಚ್ಚನೆಂದು ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು.

ಅಜ್ಜಿ ಬೂದಿ ತುಂಬಿದ ತೆಂಗಿನ ಚಿಪ್ಪನ್ನು ಅವನ ಮುಂದೆ ಸರಿಸಿದಳು. “ಅದು ಸಿಗೂತನಕ ಇದನ್ನ ಕಲಿ,” ಎಂದಳು.

ಅಂದಿನಿಂದ ರಜೆ ರಜೆಗೂ ನಮ್ಮ ವಿಜ್ಞಾನಿ ಮಗ್ಗದ ಮುಂದೆ ಕುಳಿತು ಎಳೆ ಕೆಚ್ಚುತ್ತಿದ್ದ. ಅಜ್ಜಿ ತನ್ನ ಬಲಗೈಯನ್ನು ಅವನ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂಡುತ್ತಿದ್ದಳು.

“ಬಾಗಲಾ ತೆರೀತೇನೋ?”

“ಇನ್ನೂ ಇಲ್ಲವ್ವಾ.”

“ತೆರೀತೈತಿ ಬಿಡು. ನೀ ಕೆಚ್ಚು.”