ದ್ವೇಷದ ಮಾತೆಂದು ತೆಗೆದುಹಾಕಲಾಗಿದೆ

ಪೇಂಟರು ತೀರಿಕೊಂಡ ಸುದ್ದಿ ಕರಡಪ್ಪನವರಿಗೆ ತಿಳಿದದ್ದು ಬೆಳಿಗ್ಗೆ ಏಳೂಕಾಲಿಗೆ, ಬಾಯಿ ತುಂಬ ಹಲ್ಲುಪುಡಿಯ ನೊರೆ ಇರುವಾಗ. ಫೋನಿನಲ್ಲಿ ಪೇಂಟರ ಮಗಳು "ಚಿಕ್ಕಪ್ಪಾ, ಅಪ್ಪ ಹೋದರು" ಎಂದಳು. ಉಗುಳಲೂ ಆಗದೆ ನುಂಗಲೂ ಆಗದೆ ಅವರು ಹಾಗೇ ನಿಂತುಬಿಟ್ಟರು.

ನಲವತ್ತು ವರ್ಷದ ಸ್ನೇಹ. ಪೇಂಟರು ಅಂಗಡಿಗಳಿಗೆ ಬೋರ್ಡು ಬರೆಯುವವರು. ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ ಇವರು ಒಂದು ಬೋರ್ಡಿನ ತಪ್ಪನ್ನು ಬೀದಿಯಲ್ಲಿ ನಿಂತೇ ತೋರಿಸಿದ್ದರು. ಪೇಂಟರು ಏಣಿ ಇಳಿದು ಬಂದು ಇವರ ಬಿಳಿ ಅಂಗಿಯ ಮೇಲೆ ಕೆಂಪು ಗೆರೆ ಎಳೆದು, "ತಗೋ, ಇದನ್ನೂ ತಿದ್ದು" ಎಂದಿದ್ದರು. 'ಕರಡಪ್ಪ' ಎಂಬ ಹೆಸರು ಇಟ್ಟವರೂ ಅವರೇ. ಅಂದಿನಿಂದ ಬೈಗುಳವೇ ಇಬ್ಬರಿಗೂ ಕುಶಲಪ್ರಶ್ನೆ. ಪೇಂಟರು ಹಾಸಿಗೆ ಹಿಡಿದ ಮೇಲೆ ಬೈಗುಳ ಫೋನಿಗೆ ಬಂತು. ದಿನ ಬೆಳಗಾದರೆ ಜಾಲತಾಣದಲ್ಲಿ ಕರಡಪ್ಪನವರ ಪುಟದಲ್ಲಿ ಒಂದು ಹೊಸ ಬೈಗುಳ ಅರಳಿರುತ್ತಿತ್ತು.

ಆದರೆ ಹತ್ತು ದಿನದಿಂದ ಅದು ನಿಂತಿತ್ತು. ಕೊನೆಯ ಸಲ ಚದುರಂಗ ಆಡುವಾಗ ಪೇಂಟರು ಕುದುರೆಯನ್ನು ಒಂದು ಮನೆ ಹೆಚ್ಚಿಗೆ ಹಾರಿಸಿದ್ದರು. ಇವರು 'ಕಳ್ಳ' ಅಂದರು, ಅವರು 'ಕುರುಡ' ಅಂದರು. ಇವರು ಎದ್ದು ಬಂದರು. ಅವನೇ ಮೊದಲು ಬಯ್ಯಲಿ ಎಂದು ಇವರು ಬಿಗುಮಾನದಿಂದ ಕಾದು ಕುಳಿತಿದ್ದಾಗ ಈ ಸುದ್ದಿ.

ಸಾವಿನ ಮನೆಯಲ್ಲಿ ಎದುರುಮನೆಯ ಇನ್ಶೂರೆನ್ಸಿನವರು ಎಲ್ಲರಿಗಿಂತ ಮುಂದಿದ್ದರು. ಬೆಕ್ಕು ಹಾಲಿನ ಸುತ್ತ ಸುಳಿದಂತೆ ಅವರು ದುಃಖದ ಸುತ್ತ ಸುಳಿಯುವವರು. "ರೀ ಕರಡಪ್ಪನವರೇ, ಜನ ಎಲ್ಲ ಪೇಂಟರ ಪುಟದಲ್ಲಿ ಸಂತಾಪ ಬರೀತಿದ್ದಾರೆ. ನೀವು ನೋಡಿದರೆ ಅಕ್ಷರದ ಇಲಾಖೆಯವರೇ. ಎರಡು ಸಾಲು ಬರೀಬಾರದೇ?"

'ಅಪಾರ ದುಃಖವಾಗಿದೆ' ಎಂದು ಬರೆಯಲು ಕರಡಪ್ಪನವರ ಬೆರಳು ಏಳಲಿಲ್ಲ. ಆ ಮಾತನ್ನು ಪತ್ರಿಕೆಯ ಕರಡಿನಲ್ಲಿ ಸಾವಿರ ಸಲ ತಿದ್ದಿ ಅದರ ಮೇಲಿನ ನಂಬಿಕೆಯೇ ಹೋಗಿತ್ತು. ತಮಗೆ ಬರುವ ಭಾಷೆಯಲ್ಲೇ ಬರೆದರು: 'ಲೋ ಹಾಳಾದವನೇ, ಕತ್ತೆ, ಆಟ ಮುಗಿಯೋ ಮೊದಲೇ ಎದ್ದು ಹೋದೆಯಲ್ಲೋ. ಇನ್ನು ನಾನು ಯಾರನ್ನು ಬಯ್ಯಲಿ?'

ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅದು ಮಾಯ. ಇನ್ಶೂರೆನ್ಸಿನವರು ಹೆಗಲ ಮೇಲಿಂದ ಬಗ್ಗಿ, ಊರಿಗೆಲ್ಲ ಕೇಳುವಂತೆ ಓದಿದರು: "ದ್ವೇಷದ ಮಾತೆಂದು ತೆಗೆದುಹಾಕಲಾಗಿದೆ. ನಿಮ್ಮ ಖಾತೆ ಏಳು ದಿನ ಬಂದ್!"

"ಸತ್ತವರ ಮೇಲೂ ಹಗೆಯೇ?" ಎಂದಿತು ಮೂಲೆಯಿಂದ ಒಂದು ದನಿ.

"ಅಯ್ಯೋ, ನಿಮ್ಮ ಫೋನು ಕೊಡಿ ಇಲ್ಲಿ" ಎಂದು ಕರಡಪ್ಪನವರು ಇನ್ಶೂರೆನ್ಸಿನವರದನ್ನೇ ಕಸಿದು ಮತ್ತೆ ಅದನ್ನೇ ಬರೆದರು. ಆ ಖಾತೆಯೂ ಬಂದ್.

"ರೀ! ನನ್ನ ಗಿರಾಕಿಗಳೆಲ್ಲ ಅದರಲ್ಲೇ ಇದ್ದರಲ್ರೀ! ಹೋದವರ ಜೊತೆ ನನ್ನನ್ನೂ ಕಳಿಸಿಬಿಟ್ಟಿರಲ್ಲ!"

ಈ ಗದ್ದಲದ ನಡುವೆ ಮಗಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಚಿಕ್ಕಪ್ಪಾ, ಅಪ್ಪ ಬರೆದದ್ದಕ್ಕೆ ಒಂದು ಉತ್ತರ ಯಾಕೆ ಕೊಡಲಿಲ್ಲ? ದಿನಾ ಬರೀತಿದ್ದರು, ಕೈ ನಡುಗಿದರೂ."

"ಬರೀತಿದ್ದನೇ? ಏನಂತ?"

"ನನಗೆ ತೋರಿಸ್ತಿರಲಿಲ್ಲ. ನಮ್ಮಿಬ್ಬರ ಭಾಷೆ ಮನೆಮಂದಿ ಓದೋದಲ್ಲ ಅನ್ನೋರು. ಬರೆದದ್ದೆಲ್ಲ ಅಳಿಸಿ ಹೋಗ್ತಿತ್ತು. 'ಅವನೇ ಅಳಿಸ್ತಿದ್ದಾನೆ, ಸಿಟ್ಟು ಇಳಿದಿಲ್ಲ' ಅಂತ ಬಾಗಿಲ ಕಡೆ ನೋಡ್ತಾ ಮಲಗಿರೋರು."

"ನಾನು ಅಳಿಸಲಿಲ್ಲ ತಾಯಿ! ದೇವರಾಣೆಗೂ ಅಳಿಸಲಿಲ್ಲ!"

ಗೆಳೆಯ ಕೊನೆಗೆ ಏನು ಹೇಳಿ ಹೋದ? ಅದೊಂದು ಕರಡಪ್ಪನವರಿಗೆ ತಿಳಿಯಲೇಬೇಕಿತ್ತು. ಚಪ್ಪಲಿ ಎಡಬಲ ಅದಲುಬದಲಾದದ್ದೂ ಕಾಣದೆ ಕಚೇರಿಗೆ ಓಡಿದರು.

ನಿವೃತ್ತಿಯ ಮೇಲೆ ಅವರು ಸೇರಿದ್ದ ಕಚೇರಿ ಅದು. ಜಾಲತಾಣದ ಮಾತುಗಳನ್ನು ಮೊದಲು ಯಂತ್ರ ಜರಡಿ ಹಿಡಿಯುತ್ತದೆ. ಹತ್ತು ದಿನದ ಹಿಂದಷ್ಟೇ ಆ ಜರಡಿಯ ಕಣ್ಣನ್ನು ಇನ್ನೂ ಸಣ್ಣದು ಮಾಡಿದ್ದರು. ಅದಕ್ಕೆ ಅನುಮಾನ ಬಂದವು ಮೂವತ್ತು ಮೇಜುಗಳಿಗೆ ಹಂಚಿಕೆಯಾಗುತ್ತವೆ, ಒಬ್ಬರು ಬರೆದವೆಲ್ಲ ಒಂದೇ ಮೇಜಿಗೆ. ಯಾರು ಯಾರಿಗೆ ಬರೆದದ್ದೆಂದು ಕಾಣಿಸುವುದಿಲ್ಲ. ತೆರೆಯ ಮೇಲೆ ಮೊದಲ ಐದು ಪದ ಮಾತ್ರ. ಉಳಿದದ್ದಕ್ಕೆ 'ಮುಂದೆ' ಎಂಬುದನ್ನು ಒತ್ತಬೇಕು. ದಿನಕ್ಕೆ ಎಂಟುನೂರು ಮುಗಿಸಬೇಕಾದವರು ಅದನ್ನು ಒತ್ತುತ್ತಾರೆಯೇ? ದ್ವೇಷವಾದರೆ ಕೆಂಪು, ಅಲ್ಲವಾದರೆ ಹಸಿರು, ಅಷ್ಟೆ.

ಹೆಸರು ಕಾಣುವುದು ಮೇಲ್ವಿಚಾರಕಿಗೆ ಮಾತ್ರ. ಅವಳು ಪೇಂಟರು ಬರೆದದ್ದನ್ನು ಹುಡುಕಿ ತೆಗೆದಳು. "ಹತ್ತು ಸಾಲು ಇವೆ ಸರ್. ಹತ್ತಕ್ಕೂ ಕೆಂಪು."

"ಕೊನೆಯದನ್ನು ಓದಮ್ಮ."

ಅವಳು ಸಂಕೋಚದಿಂದಲೇ ಓದಿದಳು: "'ಲೋ ಮುದಿ ಕಪಿ, ಸಾಯೋದಿದ್ದರೆ ಸಾಯಿ...' ಇಷ್ಟು ಮೇಲೆ ಕಾಣೋದು. ಮುಂದೆ... 'ಆದರೆ ಒಂದು ಸಲ ಬಂದು ಮುಖ ತೋರಿಸಿ ಸಾಯಿ. ಕುದುರೆ ಹಾರಿಸಿದ್ದು ನಾನೇ ಕಣೋ. ಹಲಗೆ ಹಾಗೇ ಇಟ್ಟಿದ್ದೀನಿ. ಇವತ್ತು ನೀನೇ ಗೆಲ್ಲು, ಬಾ.'"

ಕರಡಪ್ಪನವರು ಮೇಜು ಗುದ್ದಿದರು. "ಯಂತ್ರಕ್ಕೆ ಬುದ್ಧಿ ಬೇಡವೇ?"

"ಯಂತ್ರ 'ಸ್ನೇಹವೂ ಇರಬಹುದು' ಅಂತ ಷರಾ ಹಾಕಿದೆ ಸರ್. ಕೆಂಪು ಒತ್ತಿದ್ದು ಮನುಷ್ಯರೇ. ಆ ಹತ್ತು ಕೆಂಪು ನೋಡಿ ಅದೂ ಕಲಿತುಬಿಟ್ಟಿದೆ. ಅದಕ್ಕೇ ಇವತ್ತು ನಿಮ್ಮದನ್ನು ತಾನೇ ತೆಗೆದುಹಾಕಿದೆ. ನಾವು ಕೆಂಪು ಒತ್ತಿದರೆ ಮಾತು ಸದ್ದಿಲ್ಲದೆ ಅಳಿಯುತ್ತೆ, ಅದೇ ತೆಗೆದರೆ ನೋಟಿಸು ಬಂದು ಖಾತೆಯೂ ಬಂದ್."

"ಯಾವನಮ್ಮ ಆ ಕಟುಕ? ಮುಂದೆ ಏನಿದೆ ಅಂತ ಓದುವಷ್ಟೂ ವ್ಯವಧಾನ ಇಲ್ಲದವನು? ಮೇಜು ತೋರಿಸು, ಇವತ್ತು ಅವನಿದ್ದಾನೆ, ನಾನಿದ್ದೇನೆ!"

ಅವಳು ತಲೆ ತಗ್ಗಿಸಿದಳು. "ಹದಿನೇಳನೆಯದು, ಸರ್."

ಕರಡಪ್ಪನವರು ತೋಳೇರಿಸುತ್ತಲೇ ತಿರುಗಿದರು. ಇಪ್ಪತ್ತೊಂಬತ್ತು ಮಂದಿ ಅವರನ್ನೇ ನೋಡುತ್ತಿದ್ದರು. ಹದಿನೇಳನೆಯ ಕುರ್ಚಿ ಖಾಲಿಯಿತ್ತು. ಅದರ ಬೆನ್ನಿಗೆ ಅವರದೇ ಸ್ವೆಟರು ನೇತಾಡುತ್ತಿತ್ತು.

ಏರಿಸಿದ್ದ ತೋಳನ್ನು ಇಳಿಸಿಕೊಂಡು ಅವರು ಕೇಳಿದರು. "ಈಗ ಹಸಿರು ಮಾಡಬಹುದೇನಮ್ಮ? ಅವನ ಮಾತು ನನ್ನ ಪುಟದಲ್ಲಿ ಒಂದು ದಿನ ಇದ್ದರೆ ಸಾಕು."

"ಬರೆದವರೇ ಮನವಿ ಹಾಕಬೇಕು ಸರ್. ಮೂವತ್ತು ದಿನದೊಳಗೆ."

"ಅವನು ಬರೋದಿಲ್ಲ ತಾಯಿ."

ಕರಡಪ್ಪನವರು ಹೋಗಿ ತಮ್ಮ ಜಾಗದಲ್ಲಿ ಕುಳಿತರು. ಎದುರಿನ ತೆರೆಯಲ್ಲಿ ಯಾರದೋ ಐದು ಪದ ಕಾಯುತ್ತಿದ್ದವು. ಅದನ್ನು ನೋಡದೆ ಕಣ್ಣು ಮುಚ್ಚಿ ಕೈ ಜೋಡಿಸಿದರು.

"ದೇವರೇ, ನನ್ನನ್ನು ಕ್ಷಮಿಸುವುದು ಬಿಡುವುದು ಅವನಿಗೆ ಸೇರಿದ್ದು, ಅದರಲ್ಲಿ ನೀನು ಬರಬೇಡ. ಅವನಿಗೆ ಕಣ್ಣು ಮಂಜಾಗಿತ್ತು, ಬೆಳಕು ಬೀಳುವ ಕಡೆ ಒಂದು ಜಾಗ ಕೊಡು. ಸೊಂಟ ನೋಯದ ಹಾಗೆ ಕೂರಿಸು. ಇನ್ನು ಅವನು ಯಾರ ದಾರಿಯನ್ನೂ ಕಾಯದಿರಲಿ. ಅವನ ಆತ್ಮ ಶಾಂತವಾಗಿರಲಿ."